ನೆನಪು ಕಳೆದವರು, ನೆನಪಷ್ಟೇ ಉಳಿದವರು

ಇಬ್ಬರನ್ನು ಅಕ್ಕಪಕ್ಕ ಇಟ್ಟು ಯೋಚಿಸೋಣ. ಮೊದಲನೆಯವರಿಗೆ ಮರೆಗುಳಿ ಕಾಯಿಲೆ ತುಂಬಾ ಮುಂದುವರಿದಿದೆ. ಮಗಳ ಹೆಸರು ನೆನಪಿಲ್ಲ, ಜೀವನವಿಡೀ ಮಾಡಿದ ಕೆಲಸ ನೆನಪಿಲ್ಲ. ಆದರೆ ನಗುತ್ತಾರೆ, ಸಿಟ್ಟಾಗುತ್ತಾರೆ, ಕೈ ಕೊಟ್ಟರೆ ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಎರಡನೆಯವರು ತೀರಿಹೋಗಿದ್ದಾರೆ. ಅವರು ಬರೆದ ಮೆಸೇಜು, ಇಮೇಲು, ಧ್ವನಿಯ ರೆಕಾರ್ಡಿಂಗ್ ಎಲ್ಲ ಒಟ್ಟುಮಾಡಿ ಒಂದು ಚಾಟ್‌ಬಾಟ್ ತಯಾರಿಸಿದ್ದಾರೆ. ಅದಕ್ಕೆ ಮಗಳ ಹೆಸರು ಗೊತ್ತು, ಮದುವೆಯಾದ ವರ್ಷ ಗೊತ್ತು, ಹಳೇ ಜಗಳಗಳೂ ಗೊತ್ತು. ಧ್ವನಿ ಥೇಟ್ ಅವರದ್ದೇ.

ಮೊದಲನೆಯವರನ್ನು ನೋಡಿ ಮನೆಯವರು "ಇವರು ಈಗ ಅವರಲ್ಲ, ಅವರು ಯಾವಾಗಲೋ ಹೋಗಿಬಿಟ್ಟರು" ಅನ್ನುತ್ತಾರೆ. ಎರಡನೆಯದನ್ನು ಕೇಳಿ "ಅಯ್ಯೋ, ಅವರೇ ಮಾತಾಡಿದ ಹಾಗಿದೆ" ಅನ್ನುತ್ತಾರೆ. ಎರಡೂ ನೋವಿನಿಂದ ಬರುವ ಮಾತು, ಆ ನೋವಿನ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆದರೆ ಎರಡೂ ಮಾತಿನ ಹಿಂದೆ ಇರುವ ನಂಬಿಕೆ ಒಂದೇ: ಮನುಷ್ಯ ಅಂದರೆ ಅವನ ನೆನಪು, ದೇಹ ಅದನ್ನು ಹೊತ್ತುಕೊಂಡು ತಿರುಗುವ ವಸ್ತು. ಈ ನಂಬಿಕೆ ತಪ್ಪು ಅನ್ನುವುದು ನನ್ನ ವಾದ. ಮರೆತವರು ಇನ್ನೂ ಅವರೇ. ನೆನಪಿಟ್ಟುಕೊಂಡಿರುವ ಯಂತ್ರ ಅವರಲ್ಲ.

ಇದು ಸುಮ್ನೆ ತರಗತಿಯಲ್ಲಿ ಚರ್ಚಿಸಿ ಬಿಡುವ ವಿಷಯ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ 5.7 ಕೋಟಿ ಜನರಿಗೆ ಡಿಮೆನ್ಷಿಯಾ, ಅಂದರೆ ಮರೆಗುಳಿ ಕಾಯಿಲೆ, ಇತ್ತು. ಇವರ ಚಿಕಿತ್ಸೆ, ಆಸ್ತಿ, ಕೆಲವು ದೇಶಗಳಲ್ಲಿ ಸಾವಿನ ಬಗ್ಗೆಯೂ ಬೇರೆಯವರು ತೀರ್ಮಾನ ಮಾಡಬೇಕಾಗುತ್ತದೆ. ಆಗ ಯಾರ ಮಾತು ಕೇಳಬೇಕು? ಹತ್ತು ವರ್ಷದ ಹಿಂದಿನ ಇವರ ಮಾತೋ, ಈಗ ಎದುರಿಗೆ ಕೂತಿರುವ ಇವರ ಮಾತೋ? "ಇವರು ಅವರಲ್ಲ" ಅನ್ನುವ ಮಾತು ಇಲ್ಲಿಗೆ ಬಂದಾಗ ಬರೀ ಮಾತಾಗಿ ಉಳಿಯುವುದಿಲ್ಲ.

ನೆನಪೇ ಮನುಷ್ಯ ಅನ್ನುವ ಯೋಚನೆಗೆ ಗಟ್ಟಿ ರೂಪ ಕೊಟ್ಟವನು ಇಂಗ್ಲೆಂಡಿನ ತತ್ವಜ್ಞ ಜಾನ್ ಲಾಕ್. 1694ರಲ್ಲಿ ತನ್ನ ಪುಸ್ತಕದ ಎರಡನೇ ಆವೃತ್ತಿಗೆ ಅವನು ಒಂದು ಹೊಸ ಅಧ್ಯಾಯ ಸೇರಿಸಿದ. ಅದರಲ್ಲೊಂದು ಕಲ್ಪನೆ ಇದೆ. ಒಬ್ಬ ರಾಜಕುಮಾರನ ಆತ್ಮ, ತನ್ನ ಹಿಂದಿನ ಬದುಕಿನ ಅರಿವಿನ ಸಮೇತ, ಚಪ್ಪಲಿ ಹೊಲಿಯುವವನ ದೇಹವನ್ನು ಸೇರಿಕೊಂಡರೆ ಅಲ್ಲಿರುವ ವ್ಯಕ್ತಿ ಯಾರು? ರಾಜಕುಮಾರನೇ ಅನ್ನುತ್ತಾನೆ ಲಾಕ್. ನಮ್ಮ ಅರಿವು ಎಷ್ಟು ಹಿಂದಕ್ಕೆ ಚಾಚುತ್ತದೋ ಅಷ್ಟು ಹಿಂದಿನವರೆಗೆ ನಾವು ನಾವೇ. ದೇಹ ಯಾವುದಾದರೂ ಆಗಲಿ.

ಓದಿದ ತಕ್ಷಣ ಸರಿ ಅನಿಸುತ್ತದೆ. ಆದರೆ 1785ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ರೀಡ್ ಇದಕ್ಕೆ ಕೊಟ್ಟ ಉತ್ತರವನ್ನು ಇವತ್ತಿಗೂ ಸುಲಭವಾಗಿ ದಾಟಲು ಆಗುವುದಿಲ್ಲ. ಒಬ್ಬ ಹುಡುಗ ಶಾಲೆಯಲ್ಲಿ ಏಟು ತಿನ್ನುತ್ತಾನೆ. ಬೆಳೆದು ಸೇನಾಧಿಕಾರಿಯಾಗಿ ಶತ್ರುವಿನ ಬಾವುಟ ಕಿತ್ತು ತರುತ್ತಾನೆ. ಆಗ ಅವನಿಗೆ ಆ ಏಟು ನೆನಪಿದೆ. ಮುಪ್ಪಿನಲ್ಲಿ ಜನರಲ್ ಆಗುತ್ತಾನೆ. ಬಾವುಟ ನೆನಪಿದೆ, ಏಟು ಮರೆತಿದೆ. ಲಾಕ್ ಪ್ರಕಾರ ಆ ಜನರಲ್ ಮತ್ತು ಅಧಿಕಾರಿ ಒಬ್ಬನೇ, ಅಧಿಕಾರಿಯೂ ಹುಡುಗನೂ ಒಬ್ಬನೇ, ಆದರೆ ಜನರಲ್ ಮತ್ತು ಹುಡುಗ ಬೇರೆ ಬೇರೆ! ಇದು ಹೇಗೆ ಸಾಧ್ಯ? ನಿಮ್ಮ ಎರಡನೇ ವಯಸ್ಸಿನ ಒಂದು ದಿನವೂ ನಿಮಗೆ ನೆನಪಿಲ್ಲ. ಹಾಗಂತ ಆ ಮಗು ಬೇರೆ ಯಾರೋ ಅಂತ ನೀವು ಒಪ್ಪುವುದಿಲ್ಲ, ಅಲ್ವಾ?

ಇದೇ ಪ್ರಶ್ನೆಯನ್ನು ಲಾಕ್‌ಗಿಂತ ಎಷ್ಟೋ ಶತಮಾನ ಮೊದಲು ಮಿಲಿಂದ ರಾಜ ಮತ್ತು ನಾಗಸೇನ ಎಂಬ ಬೌದ್ಧ ಭಿಕ್ಷುವಿನ ಸಂವಾದದಲ್ಲಿ ಎತ್ತಿದ್ದಾರೆ. ಅಲ್ಲಿಯ ರಥದ ಉದಾಹರಣೆ ಎಲ್ಲರಿಗೂ ಗೊತ್ತು. ಚಕ್ರ ರಥವಲ್ಲ, ಅಚ್ಚು ರಥವಲ್ಲ, ಹಾಗೆಯೇ ಒಳಗೆ "ನಾನು" ಅನ್ನುವ ಬಿಡಿ ವಸ್ತು ಎಲ್ಲೂ ಇಲ್ಲ. ಅದೇ ಸಂವಾದದ ಇನ್ನೊಂದು ಮಾತನ್ನು ಜನ ಅಷ್ಟಾಗಿ ಹೇಳುವುದಿಲ್ಲ. ಅಂಗಾತ ಮಲಗಿದ್ದ ಕೂಸು ಮತ್ತು ಈಗಿನ ದೊಡ್ಡವನು ಒಬ್ಬನೇ ಹೌದೋ ಅಲ್ಲವೋ ಎಂದು ಚರ್ಚೆ ನಡೆಯುತ್ತದೆ. ರಾಜ ಬೇರೆ ಅನ್ನುತ್ತಾನೆ. ನಾಗಸೇನ ಒಪ್ಪುವುದಿಲ್ಲ. ಬೇರೆ ಬೇರೆ ಅಂದರೆ ತಾಯಿಯೂ ಬೇರೆ ಬೇರೆ ಆಗಬೇಕಲ್ಲ ಎಂದು ಕೇಳುತ್ತಾನೆ. ಆ ಕೂಸೂ ನಾನೇ, ಈಗಿನವನೂ ನಾನೇ, ಈ ದೇಹವನ್ನು ಆಧರಿಸಿ ಇವೆಲ್ಲ ಒಂದಾಗಿ ಕೂಡಿಕೊಂಡಿವೆ ಎಂಬುದು ಅವನ ಉತ್ತರ. ಆತ್ಮವನ್ನೇ ಒಪ್ಪದ ಪರಂಪರೆಯ ಭಿಕ್ಷು ಒಬ್ಬ ಮನುಷ್ಯನನ್ನು ಒಂದಾಗಿ ಹಿಡಿದಿಡುವುದು ದೇಹ ಅನ್ನುತ್ತಿದ್ದಾನೆ. ನನಗೆ ಈ ಮಾತು ಲಾಕ್‌ನ ಮಾತಿಗಿಂತ ಜಾಸ್ತಿ ಆಳದ್ದು ಅನಿಸುತ್ತದೆ.

ನೆನಪು ಹೋದರೆ ಏನು ಉಳಿಯುತ್ತದೆ ಅನ್ನುವುದಕ್ಕೆ ಕಲ್ಪನೆಯೇ ಬೇಕಿಲ್ಲ, ನಿಜವಾದ ಬದುಕುಗಳಿವೆ. ಅಮೆರಿಕದ ಹೆನ್ರಿ ಮೊಲೈಸನ್ ಅವರಿಗೆ 1953ರಲ್ಲಿ, 27ನೇ ವಯಸ್ಸಿನಲ್ಲಿ, ಮೂರ್ಛೆ ರೋಗಕ್ಕೆ ಅಂತ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿದರು. ನೆನಪು ಕೂಡಿಡಲು ಬೇಕಾದ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗದಲ್ಲಿ ಎರಡೂ ಬದಿಯಿಂದ ದೊಡ್ಡ ತುಂಡನ್ನು ತೆಗೆದುಹಾಕಿದರು. ಹೊಸ ನೆನಪು ಕೂಡಿಡುವ ಶಕ್ತಿಯೇ ಹೋಯಿತು. 2008ರಲ್ಲಿ ತೀರಿಕೊಳ್ಳುವವರೆಗೆ, 55 ವರ್ಷ, ಅವರು ಹಾಗೇ ಬದುಕಿದರು. ಅವರನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಬ್ರೆಂಡಾ ಮಿಲ್ನರ್ ಒಮ್ಮೆ ಒಂದು ಕೆಲಸ ಕೊಟ್ಟರು. ಕನ್ನಡಿಯಲ್ಲಿ ಮಾತ್ರ ಕೈ ನೋಡುತ್ತಾ ನಕ್ಷತ್ರದ ಆಕಾರದ ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಮೊದಮೊದಲು ಎಲ್ಲರಂತೆ ಅವರೂ ತಡವರಿಸಿದರು. ದಿನದಿಂದ ದಿನಕ್ಕೆ ಕೈ ಪಳಗಿತು. ಆದರೆ ಹಿಂದಿನ ದಿನ ಈ ಕೆಲಸ ಮಾಡಿದ್ದೇ ಅವರಿಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿಲ್ಲದ್ದು ಅವರ ಕೈಗೆ ಗೊತ್ತಿತ್ತು. ಅವರ ಸೌಮ್ಯ ಸ್ವಭಾವ, ಪದಬಂಧದ ಮೇಲಿನ ಪ್ರೀತಿ ಕೂಡ ಉಳಿದುಕೊಂಡವು.

ಬ್ರಿಟನ್ನಿನ ಸಂಗೀತಗಾರ ಕ್ಲೈವ್ ವೇರಿಂಗ್ ಅವರ ಸ್ಥಿತಿ ಇನ್ನೂ ಕಠಿಣ. 1985ರಲ್ಲಿ ಹರ್ಪಿಸ್ ವೈರಸ್ ಮಿದುಳಿಗೆ ತಗುಲಿ ಅವರ ನೆನಪು ಕೆಲವೇ ಸೆಕೆಂಡುಗಳಿಗೆ ಇಳಿಯಿತು. ಈಗ ತಾನೇ ಎಚ್ಚರವಾಯಿತು ಅಂತ ಡೈರಿಯಲ್ಲಿ ಬರೆದು, ಸ್ವಲ್ಪ ಹೊತ್ತಿಗೆ ಅದನ್ನೇ ಹೊಡೆದುಹಾಕಿ ಮತ್ತೆ ಅದನ್ನೇ ಬರೆಯುತ್ತಿದ್ದರು. ಆದರೆ ಪಿಯಾನೊ ಮುಂದೆ ಕೂರಿಸಿದರೆ ನುಡಿಸುತ್ತಿದ್ದರು. ಹೆಂಡತಿ ಕೋಣೆಯೊಳಗೆ ಬಂದರೆ ಪ್ರತಿ ಸಲವೂ ಎಷ್ಟೋ ಕಾಲದ ನಂತರ ಸಿಕ್ಕವರಂತೆ ಅಪ್ಪಿಕೊಳ್ಳುತ್ತಿದ್ದರು. ಲಾಕ್‌ನ ಅಳತೆಯಲ್ಲಿ ಇಲ್ಲಿ ಒಬ್ಬ ಮನುಷ್ಯನೇ ಇಲ್ಲ, ಸೆಕೆಂಡಿಗೊಬ್ಬರು ಹುಟ್ಟಿ ಮುಗಿಯುತ್ತಿದ್ದಾರೆ. ಹಾಗಾದರೆ ಆ ಹೆಂಡತಿಯನ್ನು ಅಪ್ಪಿಕೊಂಡವರು ಯಾರು?

"ಏಳು ವರ್ಷಕ್ಕೊಮ್ಮೆ ದೇಹದ ಎಲ್ಲ ಕೋಶಗಳೂ ಬದಲಾಗುತ್ತವೆ, ಹಾಗಾಗಿ ದೇಹವೇ ನಾನು ಅನ್ನಲಾಗದು" ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದು ಸರಿಯಲ್ಲ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಕರುಳಿನ ಒಳಪದರ ಕೆಲವೇ ದಿನಗಳಲ್ಲಿ ಹೊಸದಾಗುತ್ತದೆ, ನಿಜ. ಆದರೆ ಸ್ವೀಡನ್ನಿನ ಯೋನಾಸ್ ಫ್ರಿಸೆನ್ ಮತ್ತು ಜೊತೆಗಾರರು ಕೋಶಗಳ ವಯಸ್ಸು ಅಳೆಯಲು ಒಂದು ಅಪರೂಪದ ದಾರಿ ಹಿಡಿದರು. 1950 ಮತ್ತು 60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಹೆಚ್ಚಾಗಿತ್ತು. ಅದು ಆಹಾರದ ಮೂಲಕ ಎಲ್ಲರ ದೇಹ ಸೇರಿತು. ಒಂದು ಕೋಶದ ಡಿಎನ್‌ಎಯಲ್ಲಿ ಅದು ಎಷ್ಟಿದೆ ಎಂದು ನೋಡಿದರೆ ಆ ಕೋಶ ಯಾವ ಕಾಲದಲ್ಲಿ ಹುಟ್ಟಿತು ಎಂದು ತಿಳಿಯುತ್ತದೆ. ಮಿದುಳಿನ ಹೊರಪದರದ ನರಕೋಶಗಳು ಆ ಮನುಷ್ಯನಷ್ಟೇ ವಯಸ್ಸಿನವು ಎಂದು ಅವರು ಕಂಡರು. ಆ ಕೋಶಗಳ ಒಳಗಿನ ಅಣುಗಳು ಬದಲಾಗುತ್ತಲೇ ಇರುತ್ತವೆ. ಆದರೆ ಆ ಕೋಶಗಳು ಹುಟ್ಟಿನಿಂದ ನಮ್ಮ ಜೊತೆಗೇ ಇರುತ್ತವೆ. ನಮ್ಮ ಯಾವ ನೆನಪಿಗಿಂತಲೂ ಅವು ಹಳೆಯವು.

ಇಷ್ಟು ಹೇಳಿದ ಮೇಲೆ ಒಂದು ಗಟ್ಟಿ ಆಕ್ಷೇಪವನ್ನು ಎದುರಿಸಲೇಬೇಕು. ದೇಹ ಅದೇ ಇದ್ದರೂ ಮನುಷ್ಯ ಬದಲಾಗಿಬಿಟ್ಟ ಉದಾಹರಣೆಗಳಿವೆ. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ದಾರಿಯ ಕೆಲಸ ನಡೆಯುತ್ತಿದ್ದಾಗ ಒಂದು ಸ್ಫೋಟದಲ್ಲಿ ಒಂದು ಮೀಟರಿಗೂ ಉದ್ದದ ಕಬ್ಬಿಣದ ಸಲಾಕೆ ಫಿನಿಯಸ್ ಗೇಜ್ ಎಂಬ ಮೇಸ್ತ್ರಿಯ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಅವನು ಬದುಕಿದ. ಆದರೆ ಶಾಂತ, ಜವಾಬ್ದಾರಿಯ ಮನುಷ್ಯ ಒರಟನಾದ. ಅವನು ಈಗ ಗೇಜ್ ಅಲ್ಲ ಎಂದು ಗೆಳೆಯರು ಹೇಳಿದ್ದನ್ನು ಅವನ ವೈದ್ಯ ದಾಖಲಿಸಿದ್ದಾನೆ. ಕತೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಆದರೆ ಗೇಜ್ ಆಮೇಲೆ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಕೋಚ್ ಓಡಿಸಿದ. ಅದು ಹೊಣೆಯಿಲ್ಲದವನು ಮಾಡುವ ಕೆಲಸವಲ್ಲ. ಅವನು ನಿಧಾನಕ್ಕೆ ತನ್ನನ್ನು ತಾನು ಮತ್ತೆ ಕಟ್ಟಿಕೊಂಡ ಹಾಗೆ ಕಾಣುತ್ತದೆ. "ಇವನು ಅವನಲ್ಲ" ಎಂದು ತೀರ್ಪು ಕೊಟ್ಟವರು ತುಂಬಾ ಬೇಗ ಕೊಟ್ಟರು.

2015ರಲ್ಲಿ ನೀನಾ ಸ್ಟ್ರೋಮಿಂಜರ್ ಮತ್ತು ಶಾನ್ ನಿಕೊಲ್ಸ್ ಪ್ರಕಟಿಸಿದ ಅಧ್ಯಯನ ಈ ಮಾತಿಗೆ ಇನ್ನೊಂದು ಮುಖ ಕೊಡುತ್ತದೆ. ಮೂರು ಬಗೆಯ ನರರೋಗಿಗಳ ಮನೆಯವರನ್ನು ಅವರು ವಿಚಾರಿಸಿದರು: ನೆನಪು ಅಳಿಸುವ ಅಲ್ಝೈಮರ್ ಇರುವವರು, ಮಿದುಳಿನ ಮುಂಭಾಗ ಸವೆಯುವ ಬಗೆಯ ಡಿಮೆನ್ಷಿಯಾ ಇರುವವರು, ಮತ್ತು ಮುಖ್ಯವಾಗಿ ಸ್ನಾಯುಗಳ ಶಕ್ತಿ ಕುಂದಿಸುವ ಎಎಲ್‌ಎಸ್ ಇರುವವರು. ಇವರು ಮೊದಲಿನ ಮನುಷ್ಯರಲ್ಲ ಅನ್ನುವ ಭಾವನೆ ಅತಿ ಹೆಚ್ಚು ಇದ್ದದ್ದು ಮಿದುಳಿನ ಮುಂಭಾಗ ಸವೆದವರ ಮನೆಗಳಲ್ಲಿ. ಆ ಭಾವನೆಯನ್ನು ಹುಟ್ಟಿಸಿದ್ದು ಮುಖ್ಯವಾಗಿ ದಯೆ, ಪ್ರಾಮಾಣಿಕತೆಯಂಥ ನೈತಿಕ ಗುಣಗಳಲ್ಲಿ ಆದ ಬದಲಾವಣೆ. ನೆನಪು ಹೋದದ್ದಲ್ಲ. ಅಂದರೆ ನಾವು ಬಾಯಲ್ಲಿ ನೆನಪು ನೆನಪು ಅನ್ನುತ್ತಿದ್ದರೂ, ಹತ್ತಿರದವರಲ್ಲಿ ನಾವು ಗುರುತು ಹಿಡಿಯುವುದು ಅವರು ನಮ್ಮ ಜೊತೆ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು. ಆದರೆ ಗುರುತು ಸಿಗದಷ್ಟು ಬದಲಾಗುವುದು ಬೇರೆ, ಇನ್ನೊಬ್ಬರೇ ಆಗಿಬಿಡುವುದು ಬೇರೆ. "ಅವರು ಬದಲಾದರು" ಎನ್ನಬೇಕಾದರೂ ಬದಲಾದ ಆ "ಅವರು" ಇನ್ನೂ ಇರಬೇಕು.

ಹಾಗಾದರೆ ಮನಸ್ಸು, ದೇಹ ಬೇರೆ ಬೇರೆಯೋ ಒಂದೇಯೋ? ಫ್ರಾನ್ಸಿನ ತತ್ವಜ್ಞ ದೆಕಾರ್ತ್ 1641ರಲ್ಲಿ ಎರಡೂ ಬೇರೆ ಬೇರೆ ವಸ್ತು ಎಂದ. ಎರಡು ವರ್ಷದ ನಂತರ ಬೊಹೀಮಿಯಾದ ರಾಜಕುಮಾರಿ ಎಲಿಸಬೆತ್ ಅವನಿಗೆ ಪತ್ರ ಬರೆದು, ಜಾಗವನ್ನೇ ಆಕ್ರಮಿಸದ ಮನಸ್ಸು ದೇಹವನ್ನು ಹೇಗೆ ಅಲುಗಾಡಿಸುತ್ತದೆ ಎಂದು ಕೇಳಿದಳು. ಅವಳ ಇನ್ನೊಂದು ಪ್ರಶ್ನೆ ನನಗೆ ಇನ್ನೂ ಮುಖ್ಯ ಅನಿಸುತ್ತದೆ. ಚೆನ್ನಾಗಿ ಯೋಚಿಸಬಲ್ಲ ಆತ್ಮ ದೇಹದ ಯಾವುದೋ ಆವಿಯಿಂದ ಆ ಶಕ್ತಿಯನ್ನೇ ಕಳೆದುಕೊಳ್ಳುವುದು ಹೇಗೆ? ಅವಳಿಗೆ ತೃಪ್ತಿಯಾಗುವ ಉತ್ತರ ಸಿಗಲಿಲ್ಲ.

ಎಲಿಸಬೆತ್ ಕೇಳಿದ್ದಕ್ಕೆ ಇವತ್ತಿನ ಆಸ್ಪತ್ರೆಯಲ್ಲಿ ಒಂದು ಸ್ಪಷ್ಟ ಉದಾಹರಣೆ ಇದೆ. 2007ರಲ್ಲಿ ಜೋಸೆಪ್ ಡಾಲ್ಮಾವ್ ಮತ್ತು ಸಂಗಡಿಗರು ಒಂದು ಕಾಯಿಲೆಯನ್ನು ಗುರುತಿಸಿದರು. ಆರೋಗ್ಯವಾಗಿದ್ದ ಯುವತಿ ಕೆಲವೇ ದಿನಗಳಲ್ಲಿ ಭ್ರಮೆಗೆ ಬೀಳುತ್ತಾಳೆ, ಎಲ್ಲರ ಮೇಲೂ ಸಂಶಯ ಪಡುತ್ತಾಳೆ, ಕಿರುಚಾಡುತ್ತಾಳೆ. ನೋಡಿದವರು ಮಾನಸಿಕ ಕಾಯಿಲೆ ಎಂದುಕೊಳ್ಳುತ್ತಾರೆ. ನಿಜವಾಗಿ ಅವಳ ದೇಹದ ರೋಗನಿರೋಧಕ ವ್ಯವಸ್ಥೆಯೇ ಅವಳ ಮಿದುಳಿನ ನರಕೋಶಗಳಲ್ಲಿ ಸಂದೇಶ ಹಿಡಿಯುವ ಎನ್‌ಎಂಡಿಎ ಗ್ರಾಹಕಗಳ ಮೇಲೆ ದಾಳಿ ಮಾಡುತ್ತಿರುತ್ತದೆ. ಎಷ್ಟೋ ಸಲ ಇದರ ಮೂಲ ಅಂಡಾಶಯದ ಗೆಡ್ಡೆ. ಗೆಡ್ಡೆ ತೆಗೆದು ಸರಿಯಾದ ಔಷಧ ಕೊಟ್ಟರೆ ಬಹುಪಾಲು ಜನ ಚೇತರಿಸಿಕೊಳ್ಳುತ್ತಾರೆ. ಹೊಟ್ಟೆಯ ಒಂದು ಗೆಡ್ಡೆ ಒಬ್ಬಳ ನಂಬಿಕೆ, ಭಯ, ಮಾತು ಎಲ್ಲವನ್ನೂ ಬದಲಿಸಿಬಿಟ್ಟಿತ್ತು. ಇಲ್ಲಿ ದೇಹ ಎಲ್ಲಿ ಮುಗಿಯಿತು, ಮನಸ್ಸು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ನನಗಂತೂ ಆಗುವುದಿಲ್ಲ. ಚೇತರಿಸಿಕೊಂಡ ಹೆಚ್ಚಿನವರಿಗೆ ಆ ದಿನಗಳ ನೆನಪಿರುವುದಿಲ್ಲ. ಆದರೂ ಆ ಹಾಸಿಗೆಯಲ್ಲಿ ಕಿರುಚುತ್ತಿದ್ದವಳು ಬೇರೆ ಯಾರೋ ಎಂದು ಭಾವಿಸಿ ವೈದ್ಯರು ಕೈ ಚೆಲ್ಲಿದ್ದರೆ ಇವಳು ವಾಪಸ್ ಬರುತ್ತಲೇ ಇರಲಿಲ್ಲ.

ದೇಹ ಸುಮ್ಮನೆ ಮಲಗಿದೆ, ಯಾವ ಪ್ರತಿಕ್ರಿಯೆಯೂ ಇಲ್ಲ, ಅಂದಮಾತ್ರಕ್ಕೆ ಮನಸ್ಸೂ ಇಲ್ಲ ಎಂದುಕೊಳ್ಳುವುದೂ ಇಷ್ಟೇ ಅಪಾಯ. 2006ರಲ್ಲಿ ನರವಿಜ್ಞಾನಿ ಏಡ್ರಿಯನ್ ಓವನ್ ಅವರ ತಂಡ, ಅಪಘಾತದ ನಂತರ ಪ್ರಜ್ಞೆ ಇಲ್ಲ ಎಂದು ಗುರುತಿಸಲಾಗಿದ್ದ ಒಬ್ಬ ಯುವತಿಗೆ ಸ್ಕ್ಯಾನರ್ ಒಳಗೆ "ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊಳ್ಳಿ" ಎಂದು ಹೇಳಿತು. ಆರೋಗ್ಯವಂತರ ಮಿದುಳಿನಲ್ಲಿ ಆಗುವಂಥದ್ದೇ ಚಟುವಟಿಕೆ ಅವರ ಮಿದುಳಿನಲ್ಲೂ ಕಂಡಿತು. 2024ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಹೇಳಿದ ಮಾತಿಗೆ ಹೊರಗೆ ಯಾವ ಪ್ರತಿಕ್ರಿಯೆಯನ್ನೂ ತೋರದ 241 ಜನರ ಪೈಕಿ 60 ಜನರ ಮಿದುಳು ಸೂಚನೆಯನ್ನು ಪಾಲಿಸಿತು. ನಾಲ್ವರಲ್ಲಿ ಒಬ್ಬರು.

ಈಗ ನಕಲಿನ ಕಡೆಗೆ ಬರೋಣ. ಬ್ರಿಟನ್ನಿನ ತತ್ವಜ್ಞ ಡೆರೆಕ್ ಪಾರ್ಫಿಟ್ 1984ರಲ್ಲಿ ಒಂದು ಯಂತ್ರವನ್ನು ಕಲ್ಪಿಸಿದರು. ಅದು ನಿಮ್ಮ ಪ್ರತಿಯೊಂದು ಕೋಶವನ್ನೂ ದಾಖಲಿಸಿ, ಇಲ್ಲಿಯ ದೇಹವನ್ನು ನಾಶಮಾಡಿ, ಮಂಗಳ ಗ್ರಹದಲ್ಲಿ ಹಾಗೇ ಇನ್ನೊಂದನ್ನು ಕಟ್ಟುತ್ತದೆ. ಅಲ್ಲಿ ಕಣ್ಣು ಬಿಟ್ಟವರಿಗೆ ನಿಮ್ಮ ಎಲ್ಲ ನೆನಪೂ ಇದೆ. ಪ್ರಯಾಣ ಸುಖವಾಯಿತು ಅನಿಸುತ್ತದೆ. ಆದರೆ ಯಂತ್ರ ಹೊಸ ಮಾದರಿಯದ್ದಾಗಿ, ಇಲ್ಲಿಯ ದೇಹವನ್ನು ನಾಶಮಾಡದೆ ಬಿಟ್ಟರೆ? ನಿಮ್ಮ ಹೃದಯಕ್ಕೆ ಪೆಟ್ಟಾಗಿದೆ, ಕೆಲವೇ ದಿನ ಬದುಕುತ್ತೀರಿ ಎಂದು ಇಲ್ಲಿರುವ ನಿಮಗೆ ಹೇಳುತ್ತಾರೆ. ಮಂಗಳದಲ್ಲಿರುವವರು ಪರದೆಯ ಮೇಲೆ ಬಂದು, ಚಿಂತೆ ಬೇಡ, ನಾನಿದ್ದೇನೆ ಎನ್ನುತ್ತಾರೆ. ಪಾರ್ಫಿಟ್ ಪ್ರಕಾರ ಇದು ಬದುಕಿ ಉಳಿಯುವಷ್ಟೇ ಒಳ್ಳೆಯದು, ಹೆಚ್ಚುಕಡಿಮೆ. "ನಾನೇ" ಎಂಬುದು ಮುಖ್ಯವಲ್ಲ, ಮನಸ್ಸಿನ ಸರಣಿ ಮುಂದುವರಿಯುವುದು ಮುಖ್ಯ. ಇದು ಸಾವಿನ ಭಯವನ್ನು ಕಡಿಮೆ ಮಾಡಿತು ಎಂದೂ ಅವರು ಬರೆದರು.

ಅವರ ವಾದದ ಶಕ್ತಿಯನ್ನು ನಾನು ಒಪ್ಪುತ್ತೇನೆ, ತೀರ್ಮಾನವನ್ನಲ್ಲ. ಇಲ್ಲಿ ಎದೆ ನೋಯುತ್ತಿರುವುದು ನನಗೆ. ಅಲ್ಲಿಯವರ ಎದೆ ಚೆನ್ನಾಗಿದೆ. ನೋವು ಇಬ್ಬರ ನಡುವೆ ಹಂಚಿಹೋಗುವುದಿಲ್ಲ. ನೆನಪನ್ನು ಹತ್ತು ಕಡೆ ನಕಲು ಮಾಡಬಹುದು, ಹತ್ತೂ ಕಡೆ ಅದೇ ನೆನಪು. ಆದರೆ ನೋವು, ಹಸಿವು, ಸಾವು ಒಂದು ದೇಹಕ್ಕೆ ಸೇರಿದ್ದು. ನಕಲು ಮಾಡಲು ಬರುವುದು ಒಬ್ಬರ ಬಗೆಗಿನ ಮಾಹಿತಿ. ಆ ಒಬ್ಬರನ್ನಲ್ಲ.

ಇವತ್ತಿನ ಚಾಟ್‌ಬಾಟ್ ಪಾರ್ಫಿಟ್ಟರ ಯಂತ್ರದ ಹತ್ತಿರಕ್ಕೂ ಬರುವುದಿಲ್ಲ. 2024ರಲ್ಲಿ ವಿಜ್ಞಾನಿಗಳು ಒಂದು ಹಣ್ಣಿನ ನೊಣದ ಇಡೀ ಮಿದುಳಿನ ನಕ್ಷೆ ಪ್ರಕಟಿಸಿದರು. ಸುಮಾರು 1.4 ಲಕ್ಷ ನರಕೋಶ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ಇವೆ. ಸತ್ತವರ ಚಾಟ್‌ಬಾಟ್‌ನಲ್ಲಿ ಇರುವುದು ಅವರು ಟೈಪ್ ಮಾಡಿದ ಮಾತುಗಳು ಮಾತ್ರ, ಟೈಪ್ ಮಾಡದೆ ನುಂಗಿಕೊಂಡ ಮಾತು ಅದರಲ್ಲಿಲ್ಲ. ಅದು "ನನಗೂ ನಿನ್ನ ನೆನಪಾಗುತ್ತಿದೆ" ಎಂದು ಹೇಳಿದಾಗ ನೆನಪಾಗಿ ಸಂಕಟಪಡುವ ಯಾರೂ ಆ ಕಡೆ ಇಲ್ಲ. ದುಃಖದಲ್ಲಿರುವವರಿಗೆ ಅದರಿಂದ ಸ್ವಲ್ಪ ಸಮಾಧಾನ ಸಿಗಬಹುದು, ಅದನ್ನು ಬೇಡ ಎನ್ನಲು ನಾನು ಯಾರು? ಆದರೆ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಎಚ್ಚರಿಸಿದಂತೆ, ಇಂಥ ಸೇವೆಗಳು ಬದುಕಿರುವವರನ್ನು ಬೆನ್ನು ಬಿಡದೆ ಕಾಡಬಹುದು. ಘನತೆಯಿಂದ ಅವನ್ನು ನಿಲ್ಲಿಸುವ ದಾರಿ ಇರಬೇಕು ಎಂದು ಅವರು ಕೇಳಿದ್ದು ನ್ಯಾಯವಾದದ್ದು.

ನನ್ನನ್ನು ಜಾಸ್ತಿ ಕಾಡುವುದು ಮರೆತವರ ಪ್ರಶ್ನೆ. 1991ರಲ್ಲಿ ಅಮೆರಿಕದ ಒಬ್ಬ ವೈದ್ಯ ವಿದ್ಯಾರ್ಥಿ ಅಲ್ಝೈಮರ್ ಇದ್ದ ಒಬ್ಬ ಮಹಿಳೆಯ ಬಗ್ಗೆ ಬರೆದ. ಅವರು ಪುಸ್ತಕ ಓದುತ್ತಿದ್ದರು, ಆದರೆ ಪುಟಗಳಿಗೆ ಕ್ರಮವಿರುತ್ತಿರಲಿಲ್ಲ. ಆದರೂ ತಾನು ಕಂಡ ಅತಿ ಸಂತೋಷದ ಮನುಷ್ಯರಲ್ಲಿ ಅವರೂ ಒಬ್ಬರು ಎಂದ. ಇಂಥವರು ಹಿಂದೊಮ್ಮೆ "ಡಿಮೆನ್ಷಿಯಾ ಬಂದರೆ ನನಗೆ ಚಿಕಿತ್ಸೆ ಕೊಡಬೇಡಿ" ಎಂದು ಬರೆದಿಟ್ಟಿದ್ದರೆ? ಕಾನೂನು ತತ್ವಜ್ಞ ರೊನಾಲ್ಡ್ ಡ್ವಾರ್ಕಿನ್ 1993ರಲ್ಲಿ ಹಿಂದಿನ ಮಾತೇ ಗೆಲ್ಲಬೇಕು ಎಂದರು. ತನ್ನ ಬದುಕಿಗೆ ಒಂದು ಅರ್ಥ ಕೊಟ್ಟು ಬದುಕಿದವರು ಅದರ ಕೊನೆಯನ್ನೂ ಬರೆಯಬಹುದು ಎಂಬುದು ಅವರ ನಿಲುವು. ಕಾನೂನು ವಿದ್ವಾಂಸೆ ರೆಬೆಕಾ ಡ್ರೆಸರ್ ಇದನ್ನು ಒಪ್ಪಲಿಲ್ಲ. ಈಗ ಸಂತೋಷವಾಗಿ ಇರುವವರ ಹಿತವೇ ದೊಡ್ಡದು ಎಂದರು.

ನೆದರ್ಲೆಂಡ್ಸ್‌ನಲ್ಲಿ ಈ ವಾದ ನ್ಯಾಯಾಲಯಕ್ಕೇ ಬಂತು. ಅಲ್ಝೈಮರ್ ಇದ್ದ 74 ವರ್ಷದ ಮಹಿಳೆಯೊಬ್ಬರು ಮುಂಚೆಯೇ ದಯಾಮರಣ ಕೋರಿ ಬರೆದಿಟ್ಟಿದ್ದರು. ಆರೈಕೆ ಕೇಂದ್ರಕ್ಕೆ ಸೇರುವ ಹೊತ್ತಿಗೆ ಕೇಳಿದರೆ ಬೇರೆ ಬೇರೆ ಉತ್ತರ ಕೊಡುತ್ತಿದ್ದರು. 2016ರಲ್ಲಿ ವೈದ್ಯೆ ಅವರ ಕಾಫಿಯಲ್ಲಿ ನಿದ್ದೆಯ ಔಷಧ ಬೆರೆಸಿದರು. ಆಮೇಲೆ ಕೊನೆಯ ಚುಚ್ಚುಮದ್ದು ಕೊಡುವಾಗ ಅವರು ಮೇಲೇಳಲು ನೋಡಿದರು, ಮನೆಯವರು ಹಿಡಿದುಕೊಂಡರು. 2019ರಲ್ಲಿ ವೈದ್ಯೆ ಖುಲಾಸೆಯಾದರು. 2020ರ ಏಪ್ರಿಲ್‌ನಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ, ಕಾಯಿಲೆ ಮುಂದುವರಿದು ಇಚ್ಛೆ ಹೇಳಲಾಗದ ಸ್ಥಿತಿಗೆ ಬಂದವರ ವಿಷಯದಲ್ಲೂ ಹಿಂದೆ ಬರೆದ ಕೋರಿಕೆಯ ಮೇಲೆ ದಯಾಮರಣ ಕೊಡಬಹುದು ಎಂದು ಹೇಳಿತು.

ಆ ವೈದ್ಯೆ ಕ್ರೂರಿ ಎಂದು ನಾನು ಹೇಳುವುದಿಲ್ಲ. ಅವರು ಆ ಮಹಿಳೆಯ ಮಾತನ್ನೇ ಪಾಲಿಸಲು ಹೊರಟಿದ್ದರು. ಆದರೆ ಮೇಲೇಳಲು ನೋಡಿದ ದೇಹವೂ ಅದೇ ಮಹಿಳೆಯದು. ಆ ಕೋರಿಕೆ ಬರೆದ ಕೈಯೂ ಅದೇ. ಬರೆದದ್ದು ಅವರು, ಎದ್ದದ್ದು ಬರೀ ದೇಹದ ಚಲನೆ ಎಂದು ವಿಂಗಡಿಸಬೇಕಾದರೆ ಮತ್ತೆ ಲಾಕ್ ಹೇಳಿದ ಮನುಷ್ಯನನ್ನು ಒಪ್ಪಬೇಕಾಗುತ್ತದೆ. ನಾನು ಒಪ್ಪುವುದಿಲ್ಲ. ಹಾಗಾಗಿ ಜೀವ ತೆಗೆಯುವ ವಿಷಯದಲ್ಲಿ ಈ ಕ್ಷಣದ ಪ್ರತಿರೋಧ, ಅದು ಎಷ್ಟೇ ಅಸ್ಪಷ್ಟವಾಗಿರಲಿ, ಹಳೆಯ ಕಾಗದಕ್ಕಿಂತ ಮೇಲೆ ನಿಲ್ಲಬೇಕು.

ಹಾಗಾದರೆ ಮುಂಚೆ ಬರೆದಿಡುವುದಕ್ಕೆ ಬೆಲೆಯೇ ಇಲ್ಲವಾ? ಇದೆ. ವೆಂಟಿಲೇಟರ್ ಹಾಕಬೇಕೋ ಬೇಡವೋ, ಹೃದಯ ನಿಂತರೆ ಎದೆ ಒತ್ತಿ ಮತ್ತೆ ಬದುಕಿಸಲು ನೋಡಬೇಕೋ ಬೇಡವೋ, ಇಂಥ ಕಡೆ ಈಗಿನವರಿಂದ ಯಾವ ಸೂಚನೆಯೂ ಸಿಗದಿದ್ದಾಗ ಹಿಂದಿನ ಮಾತೇ ಅವರ ಮಾತು. ಅದನ್ನು ಮನೆಯವರೂ ವೈದ್ಯರೂ ಪಾಲಿಸಲೇಬೇಕು. ಬರೆಯುವವರು ಇನ್ನೊಂದು ಸಾಲನ್ನೂ ಸೇರಿಸಬಹುದು: ಮುಂದೆ ನಾನು ಇದಕ್ಕೆ ವಿರುದ್ಧವಾಗಿ ನಡೆದುಕೊಂಡರೆ ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಯಾರು ತೀರ್ಮಾನಿಸಬೇಕು. ಜೊತೆಗೆ ದಿನವೂ ಆರೈಕೆ ಮಾಡುವವರು ಇವರಿಗೆ ಈಗ ಏನು ಹಿತ, ಯಾವುದಕ್ಕೆ ಮುಖ ತಿರುಗಿಸುತ್ತಾರೆ, ಯಾರು ಮುಟ್ಟಿದರೆ ಶಾಂತರಾಗುತ್ತಾರೆ ಎಂದು ಬರೆದಿಡಬೇಕು. ವೈದ್ಯರು ತೀರ್ಮಾನಕ್ಕೆ ಕೂತಾಗ ಹಳೆಯ ಇಚ್ಛಾಪತ್ರದ ಜೊತೆ ಈ ಬರಹವೂ ಮೇಜಿನ ಮೇಲಿರಬೇಕು, ಎರಡನ್ನೂ ಒಬ್ಬರದ್ದೇ ಮಾತು ಎಂದು ಓದಬೇಕು.